ದಾಕ್ಷಿಣ್ಯದ ಬಲ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿರುವ ಈ ಉಪನ್ಯಾಸಮಾಲೆಯಲ್ಲಿ ‘ದಿನನಿತ್ಯದ ವ್ಯವಹಾರದಲ್ಲಿ ಇತರರ ಮೇಲೆ ಪ್ರಭಾವ ಬೀರುವ ಬಗೆ’ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಯಿತು. ಸಮಿತಿಯ ಇಬ್ಬರು ಹಿರಿಯರು ನಮ್ಮ ಮನೆಗೇ ದಯಮಾಡಿಸಿ, ಕಾಫಿ ಕುಡಿದು, ಮಕ್ಕಳ ಯೋಗಕ್ಷೇಮವನ್ನೆಲ್ಲ ವಿಚಾರಿಸಿ, ಇನ್ನೇನು ಹೊರಡಬೇಕೆನ್ನುವಾಗ ಬಾಗಿಲಲ್ಲಿ ನಿಂತು ಈ ಮಾತನ್ನೆತ್ತಿದರು. ಒಲ್ಲೆನೆನ್ನಲು ನನಗೆ ಬಾಯಿ ಬರಲಿಲ್ಲ. ಪ್ರಭಾವವೆಂದರೇನೆಂಬ ಮೊದಲನೆಯ ಪಾಠ ಭಾಷಣಕ್ಕೆ ಮುಂಚೆಯೇ ಅಲ್ಲಿ ಮುಗಿದುಹೋಯಿತು.

ಈ ವಿಷಯದ ಹೆಸರು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಡೇಲ್ ಕಾರ್ನೆಗಿಯವರು ಅಮೆರಿಕದಲ್ಲಿ 1936ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥ ನೆನಪಾಗಬಹುದು. ಎದುರಿನವನ ಹೆಸರನ್ನು ನೆನಪಿನಲ್ಲಿಡುವುದು, ಮುಗುಳ್ನಗುವುದು, ಅವನ ಮಾತನ್ನು ಆಸಕ್ತಿಯಿಂದ ಕೇಳುವುದು ಮೊದಲಾದ ಉಪಾಯಗಳನ್ನು ಅದು ಬೋಧಿಸುತ್ತದೆ. ಅವು ಒಳ್ಳೆಯ ಮಾತುಗಳೇ. ಅವುಗಳನ್ನು ನಾನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಅಂತಹ ಗ್ರಂಥಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ: ನಮಗೆ ಇತರರ ಮೇಲೆ ಇರುವ ಪ್ರಭಾವ ಅಲ್ಪ, ಅದನ್ನು ಸಾಹಸಪಟ್ಟು ಬೆಳೆಸಿಕೊಳ್ಳಬೇಕು ಎಂಬುದು. ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ಮೇಲೆ, ಸತ್ಯಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆಯೆಂದು ನನಗೆ ತೋರುತ್ತದೆ. ನಮಗೆ ಇರುವ ಪ್ರಭಾವ ಎಷ್ಟೆಂಬುದು ನಮಗೇ ತಿಳಿಯದು. ತಿಳಿಯದೆ ಬೀರಿದ ಪ್ರಭಾವದಿಂದಲೇ ಬಹಳಷ್ಟು ನೋವು ಉಂಟಾಗುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಹಿಂದೆ ಮನೆ ಕಟ್ಟಿಸುವ ಸಂದರ್ಭದಲ್ಲಿ ಒಂದು ಸಹಕಾರ ಸಂಘದಿಂದ ಸಾಲ ತೆಗೆದುಕೊಂಡೆ. ಇಬ್ಬರು ಸದಸ್ಯರ ಜಾಮೀನು ಬೇಕಾಗಿತ್ತು. ಒಬ್ಬರು ನನ್ನ ಭಾವಮೈದುನ. ಇನ್ನೊಬ್ಬರಿಗಾಗಿ ನನ್ನ ವಿಭಾಗದಲ್ಲೇ ಇದ್ದ ಕಿರಿಯ ಅಧ್ಯಾಪಕರೊಬ್ಬರನ್ನು ಕೇಳಿದೆ. ಆಗ ನಾನು ವಿಭಾಗದ ಮುಖ್ಯಸ್ಥ. ಎರಡು ತರಗತಿಗಳ ನಡುವೆ, ಅಧ್ಯಾಪಕರ ಕೊಠಡಿಯಲ್ಲಿ, ನಾಲ್ಕಾರು ಜನ ನೋಡುತ್ತಿರುವಂತೆಯೇ ಅರ್ಜಿಯನ್ನು ಅವರ ಮುಂದಿಟ್ಟು, ನನ್ನ ಪೆನ್ನಿನ ಮುಚ್ಚಳವನ್ನು ನಾನೇ ತೆಗೆದು ಕೊಟ್ಟೆ. “ಅದಕ್ಕೇನು ಸಾರ್, ಕೊಡಿ” ಎಂದು ಅವರು ನಗುನಗುತ್ತಲೇ ರುಜು ಹಾಕಿದರು. ಸಾಲವನ್ನು ನಾನು ಕಂತು ತಪ್ಪದೆ ತೀರಿಸಿದೆ. ಯಾರಿಗೂ ನನ್ನಿಂದ ಬಿಡಿಗಾಸಿನ ತೊಂದರೆಯಾಗಲಿಲ್ಲವೆಂದು ನಾನು ಹೆಮ್ಮೆಯಿಂದಲೇ ಇದ್ದೆ.

ಇಬ್ಬರೂ ನಿವೃತ್ತರಾದ ಮೇಲೆ ಒಂದು ಮದುವೆಯ ಊಟದಲ್ಲಿ ಅಕ್ಕಪಕ್ಕ ಕುಳಿತಿದ್ದೆವು. ಮಾತಿಗೆ ಮಾತು ಬಂದು ಅವರು ಹೇಳಿದರು: “ಸಾರ್, ಈಗ ಹೇಳಿದರೆ ತಪ್ಪಿಲ್ಲ. ನಿಮಗೆ ಜಾಮೀನು ಹಾಕಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.” ಆ ವರ್ಷವೇ ಅವರ ತಂಗಿಯ ಮದುವೆಗೆ ಅದೇ ಸಂಘದಲ್ಲಿ ಸಾಲ ಎತ್ತಬೇಕೆಂದು ಅವರೂ ಅವರ ಪತ್ನಿಯೂ ನಿಶ್ಚಯಿಸಿದ್ದರು. ನನಗೆ ಜಾಮೀನು ನಿಂತ ಕಾರಣ ಅವರಿಗೆ ದೊರೆಯಬೇಕಾದ ಮೊಬಲಗು ಕಡಮೆಯಾಯಿತು. ಪತ್ನಿಯ ಸರವನ್ನು ಗಿರವಿಯಿಡಬೇಕಾಯಿತು. “ಮನೆಯಲ್ಲಿ ಒಂದು ಮಾತು ಕೇಳಿಬರುತ್ತೇನೆ ಅಂತ ಹೇಳಲಿಕ್ಕೆ ನಿಮಗೆ ಬಾಯಿರಲಿಲ್ಲವೇ ಎಂದು ಅವಳು ಬಹಳ ದಿನ ಕೇಳುತ್ತಿದ್ದಳು” ಎಂದು ಅವರು ನಕ್ಕರು. ನನಗೆ ಮುಂದಿನ ತುತ್ತು ಇಳಿಯಲಿಲ್ಲ. ಅವರು ರುಜು ಹಾಕಿದ ದಿನ ನಾನು ತರಗತಿಗೆ ಹೋಗಿ ಪಾಠ ಮಾಡಿದ್ದು ಮನಶ್ಶಾಸ್ತ್ರವನ್ನೇ.

ಜಾಮೀನಿನ ವಿಷಯ ಬಂದುದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಅರ್ಥಾತ್, ‘ಸುಮ್ಮನೆ ಒಂದು ರುಜು’ ಎಂಬುದು ಕಾನೂನಿನ ಕಣ್ಣಿನಲ್ಲಿ ಇಲ್ಲವೇ ಇಲ್ಲ. ಆದರೂ ನಾವು ಕೇಳುವಾಗ ಬಳಸುವ ಮಾತು ಅದೇ.

ಹೀಗೆ ಬಾಯಿ ಕಟ್ಟಿಸುವ ಅನುಭವಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಅವುಗಳ ನಡುವೆ ಸೂಕ್ಷ್ಮವಾದ ವ್ಯತ್ಯಾಸವೂ ಇದೆ. ಹಂಗು ಎಂದರೆ ಹಿಂದೆ ಪಡೆದ ಉಪಕಾರದ ಭಾರ. ಮುಲಾಜು ಎಂಬುದರಲ್ಲಿ ಎದುರಿನವನ ಸ್ಥಾನಮಾನದ ನೆರಳಿದೆ. ಸಂಕೋಚ ನಮ್ಮ ಸ್ವಭಾವಕ್ಕೆ ಸೇರಿದುದು. ದಾಕ್ಷಿಣ್ಯ ಇವೆಲ್ಲಕ್ಕಿಂತ ವಿಚಿತ್ರವಾದುದು. ಎದುರಿನವನಿಂದ ನಾವು ಏನನ್ನೂ ಪಡೆದಿರಬೇಕಾಗಿಲ್ಲ, ಅವನು ನಮಗಿಂತ ಮೇಲಿನವನಾಗಿರಬೇಕಾಗಿಯೂ ಇಲ್ಲ; ಎದುರಿಗೆ ನಿಂತು ಮುಖ ನೋಡುತ್ತಿದ್ದರೆ ಸಾಕು. ದಾಕ್ಷಿಣ್ಯದ ಪರಿಣಾಮವನ್ನು ಕುರಿತು ನಮ್ಮ ಹಿರಿಯರು ಕಟ್ಟಿದ ಗಾದೆಯೊಂದುಂಟು. ಗುರುಗಳೂ ಸೋದರಿಯರೂ ಕುಳಿತಿರುವ ಈ ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ನಗುತ್ತಿರುವವರಿಗೆ ಅದು ಗೊತ್ತಿದೆಯೆಂದು ತಿಳಿಯುತ್ತೇನೆ.

ನಮ್ಮ ಭಾಷೆ ಒಂದೇ ಪದದಲ್ಲಿ ಹಿಡಿದಿಟ್ಟಿರುವ ಈ ಸಂಗತಿಯನ್ನು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಪ್ರಯೋಗಗಳ ಮೂಲಕ ಬಹಳ ಸುತ್ತು ಬಳಸಿ ಕಂಡುಕೊಂಡರು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ನಡೆದ ಒಂದು ಪ್ರಯೋಗ. ಅದನ್ನು ನಡೆಸಿದವರು ಸ್ಟ್ಯಾನ್ಲಿ ಮಿಲ್‌ಗ್ರಾಂ. ಅಧಿಕಾರಿಯ ಮಾತಿಗೆ ಕಟ್ಟುಬಿದ್ದು ಸಾಮಾನ್ಯ ಜನರು ಪಕ್ಕದ ಕೋಣೆಯ ಅಮಾಯಕನಿಗೆ ವಿದ್ಯುತ್ತಿನ ಆಘಾತ ಕೊಡುತ್ತಿದ್ದೇವೆಂದು ನಂಬಿಯೂ ಮುಂದುವರಿಯುತ್ತಾರೆಂದು 1963ರಲ್ಲಿ ಪ್ರಕಟಿಸಿ ಜಗತ್ತನ್ನು ಬೆಚ್ಚಿಬೀಳಿಸಿದವರು ಅವರೇ. ರೈಲಿನ ಪ್ರಯೋಗ ಅಷ್ಟು ಭಯಂಕರವಲ್ಲ. ಅದಕ್ಕೆ ಪ್ರೇರಣೆ ಅವರ ಅತ್ತೆಯವರು. ಈ ಕಾಲದ ಹುಡುಗರು ವಯಸ್ಸಾದವರಿಗೆ ಎದ್ದು ಜಾಗ ಕೊಡುವುದಿಲ್ಲವೇಕೆ ಎಂದು ಅವರು ಅಳಿಯನನ್ನು ಕೇಳಿದರಂತೆ. ಅಳಿಯನಿಗೆ, ನಿಜವಾಗಿ ಕೇಳಿದರೆ ಏನಾಗುವುದು ನೋಡೋಣವೆಂಬ ಯೋಚನೆ ಬಂದಿತು. ಆರೋಗ್ಯವಂತರಾದ ತರುಣ ವಿದ್ಯಾರ್ಥಿಗಳನ್ನು ರೈಲಿಗೆ ಕಳಿಸಿ, ಕುಳಿತಿರುವ ಅಪರಿಚಿತರನ್ನು ಯಾವ ಕಾರಣವನ್ನೂ ಕೊಡದೆ “ದಯವಿಟ್ಟು ನಿಮ್ಮ ಜಾಗ ನನಗೆ ಕೊಡುವಿರಾ?” ಎಂದು ಕೇಳಿಸಿದರು. ಮಿಲ್‌ಗ್ರಾಂ ಮತ್ತು ಸಬೀನಿಯವರು 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಶೇಕಡ 68 ಮಂದಿ ಎದ್ದುನಿಂತರು ಅಥವಾ ಸರಿದು ಜಾಗ ಮಾಡಿಕೊಟ್ಟರು. ಯಾರಿಗೂ ಯಾರ ಗೊಡವೆಯೂ ಇಲ್ಲವೆಂದು ಹೆಸರಾದ ಮಹಾನಗರವದು!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಯೋಗದ ಮತ್ತೊಂದು ಬಗೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಟ್ಟಿಗೆ ಹತ್ತಿ, ಕುಳಿತವನಿಗೆ ಕೇಳಿಸುವಂತೆ, ಯಾರನ್ನಾದರೂ ಜಾಗ ಕೇಳಿದರೆ ತಪ್ಪಾಗುವುದೇ ಎಂದು ತಮ್ಮೊಳಗೆ ಮಾತನಾಡಿಕೊಂಡರು. ಕೆಲವು ಕ್ಷಣಗಳ ನಂತರ ಕೋರಿಕೆ ಬಂದಿತು. ಈ ಬಾರಿ ಜಾಗ ಕೊಟ್ಟವರು ಸುಮಾರು ಶೇಕಡ 37 ಮಾತ್ರ. ಎಂದರೆ, ಬರಲಿರುವ ಕೋರಿಕೆಯ ಸುಳಿವು ದೊರೆತು, ಉತ್ತರವನ್ನು ಜೋಡಿಸಿಕೊಳ್ಳಲು ಹತ್ತು ಕ್ಷಣ ಸಿಕ್ಕಿದರೂ ಸಾಕು, ಒಲ್ಲೆನೆನ್ನಬಲ್ಲವರ ಸಂಖ್ಯೆ ಸುಮಾರು ಎರಡರಷ್ಟಾಯಿತು. ಮೊದಲಿನವರು ಎದ್ದುನಿಂತದ್ದು ಔದಾರ್ಯದಿಂದ ಮಾತ್ರವಲ್ಲ. ‘ಇಲ್ಲ’ ಎಂಬ ಮಾತು ಸಮಯಕ್ಕೆ ಸರಿಯಾಗಿ ಒದಗಿಬರಲಿಲ್ಲವಾದುದರಿಂದ. ನನ್ನ ಪೆನ್ನಿನ ಮುಚ್ಚಳ ನಿಮಗೆ ನೆನಪಿರಬಹುದು.

ಕೇಳುವವರ ಪಾಡಾದರೂ ಸುಖವಾಗಿರಲಿಲ್ಲ. ಮಿಲ್‌ಗ್ರಾಂ ಸ್ವತಃ ಕೇಳಲು ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಕಡೆಗೆ ಹೇಗೋ ಕೇಳಿ ಜಾಗ ಸಿಕ್ಕ ಮೇಲೆ, ತಮ್ಮ ಕೋರಿಕೆಗೆ ನ್ಯಾಯ ಒದಗಿಸುವುದಕ್ಕೋ ಎಂಬಂತೆ ಅಸ್ವಸ್ಥನ ಹಾಗೆ ತಲೆ ತಗ್ಗಿಸಿ ಕುಳಿತರಂತೆ. ಕೇಳುವ ಮೊದಲು ಅವರಿಗಿದ್ದ ಭಯ, ಜನ ಒಲ್ಲೆನೆನ್ನುವರೆಂಬುದು. ಈ ಭಯ ಎಷ್ಟು ಅವಾಸ್ತವವಾದುದೆಂಬುದನ್ನು 2008ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಲೆಕ್ಕ ಹಾಕಿ ತೋರಿಸಿದರು. ಅಪರಿಚಿತರಲ್ಲಿ ಐವರಿಂದ ಒಂದು ಪ್ರಶ್ನಾವಳಿಯನ್ನು ತುಂಬಿಸಿ ತರಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತೆಂದು ವಿದ್ಯಾರ್ಥಿಗಳನ್ನು ಮೊದಲೇ ವಿಚಾರಿಸಿದಾಗ ಅವರ ಅಂದಾಜು ಸರಾಸರಿ ಇಪ್ಪತ್ತು. ವಾಸ್ತವವಾಗಿ ಹೋಗಿ ಕೇಳಿದಾಗ ಹತ್ತು ಜನ ಸಾಕಾದರು. ಕೇಳುವವನು ತನ್ನ ಕೋರಿಕೆ ಎಷ್ಟು ದೊಡ್ಡದೆಂದು ಮಾತ್ರ ತೂಗಿ ನೋಡುತ್ತಾನೆ. ಎದುರಿಗೆ ನಿಂತವನಿಗೆ ‘ಇಲ್ಲ’ವೆನ್ನುವುದು ಎಷ್ಟು ಕಷ್ಟವೆಂಬುದು, ಅವನೇ ನಿನ್ನೆ ಮತ್ತೊಬ್ಬರ ಮುಂದೆ ಅದೇ ಕಷ್ಟವನ್ನು ಪಟ್ಟಿದ್ದರೂ, ಆ ಗಳಿಗೆಯಲ್ಲಿ ಅವನ ಲೆಕ್ಕಕ್ಕೆ ಬರುವುದಿಲ್ಲ.

ಇದು ಸಂತೋಷದ ಸುದ್ದಿಯೇ ಎಂದು ಕೆಲವರಿಗೆ ತೋರೀತು. ವನೆಸ್ಸಾ ಲೇಕ್ ಅವರೇ ಮುಂದೆ ವನೆಸ್ಸಾ ಬೋನ್ಸ್ ಎಂಬ ಹೆಸರಿನಲ್ಲಿ ಸಂಗಡಿಗರೊಡನೆ ನಡೆಸಿ 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಅಷ್ಟು ಸಂತೋಷದಾಯಕವಲ್ಲ. ಈ ಬಾರಿ ವಿದ್ಯಾರ್ಥಿಗಳು ಅಪರಿಚಿತರ ಮುಂದೆ ಗ್ರಂಥಾಲಯದ ಪುಸ್ತಕವೊಂದನ್ನು ಹಿಡಿದು, ಅದರ ಪುಟದ ಮೇಲೆ ಶಾಯಿಯಲ್ಲಿ ಒಂದು ಪದವನ್ನು ಬರೆದುಕೊಡಬೇಕೆಂದು ಕೇಳಿದರು. ಇದು ತಪ್ಪೆಂದು ಕೇಳಿಸಿಕೊಂಡವರಲ್ಲಿ ಅನೇಕರು ಬಾಯಿಬಿಟ್ಟೇ ಹೇಳಿದರು. ಹೇಳುತ್ತಲೇ ಬರೆದರು. ನಾಲ್ವರಲ್ಲಿ ಒಬ್ಬರು ಒಪ್ಪಬಹುದೆಂಬುದು ಕೇಳುವವರ ಸುಮಾರಾದ ಊಹೆ. ಒಪ್ಪಿದವರು ಮೂರರಲ್ಲಿ ಇಬ್ಬರ ಹತ್ತಿರ ಹತ್ತಿರ. ಆಣೆ ಪ್ರಮಾಣವಿಲ್ಲ, ಬೆದರಿಕೆಯಿಲ್ಲ, ಲಂಚವಿಲ್ಲ. ಎದುರಿಗೆ ಒಂದು ಮುಖ, ಒಂದು ಕೋರಿಕೆ, ಅಷ್ಟೇ. ಕಚೇರಿಗಳಲ್ಲಿ ಸುಳ್ಳು ತಾರೀಖು ಹಾಕಿಕೊಡುವ, ಪರೀಕ್ಷೆಗಳಲ್ಲಿ ಒಂದೆರಡು ಅಂಕ ಕೂಡಿಸಿಕೊಡುವ ಕೆಲಸಗಳು ಎಷ್ಟೋ ಬಾರಿ ದುರಾಶೆಯಿಂದಲ್ಲ, ಹೀಗೆಯೇ ನಡೆಯುತ್ತವೆಂಬುದನ್ನು ನನ್ನ ವೃತ್ತಿಜೀವನದಲ್ಲಿ ಕಂಡಿದ್ದೇನೆ.

ಸಣ್ಣ ಒಪ್ಪಿಗೆ ದೊಡ್ಡ ಒಪ್ಪಿಗೆಗೆ ಹೇಗೆ ದಾರಿಮಾಡಿಕೊಡುತ್ತದೆಂಬುದನ್ನೂ ಇಲ್ಲಿ ಹೇಳಬೇಕು. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬವರು ಕ್ಯಾಲಿಫೋರ್ನಿಯದ ಗೃಹಸ್ಥರ ಮುಂದಿನ ತೋಟದಲ್ಲಿ ‘ಜಾಗರೂಕತೆಯಿಂದ ವಾಹನ ನಡೆಸಿ’ ಎಂಬ, ನೋಡಲು ಸೊಟ್ಟಗಿದ್ದ ಭಾರಿ ಫಲಕವೊಂದನ್ನು ನಿಲ್ಲಿಸಲು ಅನುಮತಿ ಕೇಳಿಸಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಸುಮಾರು ಶೇಕಡ 17. ಎರಡು ವಾರ ಮುಂಚೆ ಅದೇ ವಿಷಯದ ಅಂಗೈಯಗಲದ ಚೀಟಿಯೊಂದನ್ನು ಅಂಟಿಸಲು ಒಪ್ಪಿಸಿದ್ದ ಮನೆಗಳಲ್ಲಿ ಶೇಕಡ 76. ಚೀಟಿಯನ್ನು ಅಂಟಿಸಿಕೊಂಡವನು ತನ್ನನ್ನು ತಾನೇ ಸಾರ್ವಜನಿಕ ಹಿತಾಸಕ್ತನೆಂದು ಎಣಿಸತೊಡಗುತ್ತಾನೆ. ಮುಂದಿನ ಕೋರಿಕೆಗೆ ಒಲ್ಲೆನೆಂದರೆ ಆ ಎಣಿಕೆಗೆ ಭಂಗ. ಮನೆಬಾಗಿಲಿಗೆ ಬರುವ ವಿಮಾ ಪ್ರತಿನಿಧಿಯು “ಒಂದೇ ನಿಮಿಷ, ಒಂದು ಲೋಟ ನೀರು ಕೊಡಿ” ಎಂಬುದಾಗಿ ಆರಂಭಿಸುವಾಗ ಈ ಪ್ರಯೋಗದ ಹೆಸರನ್ನು ಅವನು ಕೇಳಿರುವುದಿಲ್ಲ, ಅವಶ್ಯಕತೆಯೂ ಇಲ್ಲ.

ಇನ್ನು ಸಭೆ ಸಮಿತಿಗಳ ವಿಚಾರ. ನಮ್ಮಲ್ಲಿ ಸಂಘಗಳ ನಡವಳಿ ಪುಸ್ತಕಗಳನ್ನು ತೆರೆದರೆ ಪುಟಪುಟದಲ್ಲೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿರುತ್ತದೆ. ಆ ಸರ್ವಾನುಮತದಲ್ಲಿ ಎಷ್ಟು ಪಾಲು ಮತ, ಎಷ್ಟು ಪಾಲು ದಾಕ್ಷಿಣ್ಯ? 1951ರಲ್ಲಿ ಸಾಲೊಮನ್ ಆಶ್ ಎಂಬ ಪ್ರಾಜ್ಞರು ತಮ್ಮ ಪ್ರಯೋಗಗಳಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಸುಲಭವಾದ ಪ್ರಶ್ನೆ ಕೇಳಿ, ಉಳಿದವರೆಲ್ಲರಿಂದ ಮೊದಲೇ ಸಂಚು ಮಾಡಿ ತಪ್ಪು ಉತ್ತರ ಹೇಳಿಸಿದರು. ಏನೂ ಅರಿಯದೆ ಕುಳಿತಿದ್ದ ವಿದ್ಯಾರ್ಥಿ ಸುಮಾರು ಮೂರರಲ್ಲಿ ಒಂದು ಪಾಲು ಸಲ ತನ್ನ ಕಣ್ಣನ್ನು ಬಿಟ್ಟು ಗುಂಪನ್ನು ನಂಬಿದನು, ಅಥವಾ ನಂಬಿದಂತೆ ನುಡಿದನು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನನಗೆ ಮುಖ್ಯವೆನಿಸುವುದು ಅದರ ಉತ್ತರಾರ್ಧ: ಗುಂಪಿನಲ್ಲಿ ಒಬ್ಬನೇ ಒಬ್ಬನಿಂದ ಸರಿಯುತ್ತರ ಹೇಳಿಸಿದಾಗ, ಹೀಗೆ ತಪ್ಪಿ ನುಡಿಯುವುದು ನಾಲ್ಕನೆಯ ಒಂದು ಪಾಲಿಗೆ ಇಳಿಯಿತು. ಸಭೆಯಲ್ಲಿ “ಇದನ್ನು ಮುಂದಿನ ಸಲ ತೀರ್ಮಾನಿಸೋಣವೇ?” ಎಂದು ಒಬ್ಬರು ಎದ್ದು ಹೇಳಿದೊಡನೆ ಮತ್ತೆ ನಾಲ್ವರಿಗೆ ಬಾಯಿ ಬರುವುದನ್ನು ನೀವೂ ನೋಡಿದ್ದೀರಿ. ಅಂತಹವರನ್ನು ನಾವು ಸಾಮಾನ್ಯವಾಗಿ ತಂಟೆಕೋರರೆಂದು ಕರೆಯುತ್ತೇವೆ.

ಇವೆಲ್ಲ ಪ್ರಯೋಗಗಳು ಬಹುಪಾಲು ಅಮೆರಿಕದ ವಿದ್ಯಾರ್ಥಿಗಳನ್ನೋ ನಗರವಾಸಿಗಳನ್ನೋ ಅವಲಂಬಿಸಿದುವು. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಹೊತ್ತು ತರುವುದು ತರವಲ್ಲ. ಆದರೆ ಆಶ್ ಅವರ ರೀತಿಯ 133 ಅಧ್ಯಯನಗಳನ್ನು 17 ದೇಶಗಳಿಂದ ಒಟ್ಟುಗೂಡಿಸಿ ಬಾಂಡ್ ಮತ್ತು ಸ್ಮಿತ್ 1996ರಲ್ಲಿ ಪರಿಶೀಲಿಸಿದಾಗ, ವ್ಯಕ್ತಿಗಿಂತ ಸಮುದಾಯಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಗುಂಪಿಗೆ ಮಣಿಯುವುದು ಇನ್ನೂ ಅಧಿಕವೆಂದು ಕಂಡುಬಂದಿತು. ಆದುದರಿಂದ ನಾವು ನಿಶ್ಚಿಂತರಾಗಿರಲು ಕಾರಣವಿಲ್ಲ.

ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲವರು ವಂಚಕರು. ಈಚಿನ ವರ್ಷಗಳಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸವನ್ನು ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. ಪೊಲೀಸ್ ಸಮವಸ್ತ್ರ ಧರಿಸಿದವನು ಮೊಬೈಲ್ ಫೋನಿನ ಪರದೆಯ ಮೇಲೆ ಕಾಣಿಸಿಕೊಂಡು, ನಿಮ್ಮ ಮೇಲೆ ಮೊಕದ್ದಮೆಯಿದೆ, ಕರೆಯನ್ನು ಕತ್ತರಿಸಕೂಡದು, ಯಾರಿಗೂ ತಿಳಿಸಕೂಡದು ಎನ್ನುತ್ತಾನೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಾಗೆಯೇ ಕೂರಿಸಿ ಹಣವನ್ನು ವರ್ಗಾಯಿಸಿಕೊಳ್ಳುತ್ತಾನೆ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೆಂಬುದೇ ಇಲ್ಲ. ವಿದ್ಯಾವಂತರೂ ನಿವೃತ್ತ ಅಧಿಕಾರಿಗಳೂ ಇದಕ್ಕೆ ಹೇಗೆ ಬಲಿಯಾದರೆಂದು ಜನ ಆಶ್ಚರ್ಯಪಡುತ್ತಾರೆ. ನನಗೆ ಆಶ್ಚರ್ಯವಿಲ್ಲ. ಎದುರಿಗೆ ಒಂದು ಮುಖವನ್ನು ನಿಲ್ಲಿಸಿ, ಅದರಿಂದ ಕಣ್ಣು ತಿರುಗಿಸಲು ಬಿಡದೆ, ಪಕ್ಕದ ಕೋಣೆಯಲ್ಲಿರುವ ಮಗಳನ್ನೋ ಸೊಸೆಯನ್ನೋ ಒಂದು ಮಾತು ಕೇಳಿಬರುವ ಹತ್ತು ಕ್ಷಣವನ್ನು ಕಿತ್ತುಕೊಳ್ಳುವುದೇ ಆ ಮೋಸದ ಮುಖ್ಯ ತಂತ್ರ. ಕರೆಯನ್ನು ನಿಲ್ಲಿಸಿ 1930 ಸಂಖ್ಯೆಗೆ ದೂರು ಕೊಡಬೇಕೆಂದು ಸರಕಾರ ಹೇಳುತ್ತಿದೆ. ಮನೆಯ ಹಿರಿಯರಿಗೆ ಇದನ್ನು ತಿಳಿಸಿಡಿ.

“ಮನೆಯಲ್ಲಿ ಕೇಳಿ ಹೇಳುತ್ತೇನೆ” ಎಂಬುದು ನಮ್ಮ ಹಿಂದಿನವರ ಮಾತು. ಗಂಡಸರು ಹೆಂಡತಿಯ ಹೆಸರಿನಲ್ಲಿಯೂ ಹೆಂಗಸರು ಗಂಡನ ಹೆಸರಿನಲ್ಲಿಯೂ ಇದನ್ನು ಹೇಳಿ ಪಾರಾಗುತ್ತಿದ್ದುದುಂಟು. ನಾವು ಇದನ್ನು ಹೇಡಿತನವೆಂದೋ ಹಳೆಯ ಕಾಲದ ಪದ್ಧತಿಯೆಂದೋ ನಕ್ಕಿದ್ದೇವೆ. ಅದು ಹೇಡಿತನವಲ್ಲ, ಎದುರಿನವರಿಗೆ ಮುಖಭಂಗ ಮಾಡದೆ ಕಾಲಾವಕಾಶ ಪಡೆಯುವ ನಾಗರಿಕವಾದ ಉಪಾಯ. ಅದನ್ನು ಕೇಳಿಸಿಕೊಂಡವರು “ಇಷ್ಟಕ್ಕೂ ಮನೆಯಲ್ಲಿ ಕೇಳಬೇಕೇ?” ಎಂದು ಮತ್ತೆ ಒತ್ತುವುದು ಮಾತ್ರ ಅನಾಗರಿಕ.

ಹಾಗಾದರೆ ಯಾರನ್ನೂ ಏನನ್ನೂ ಕೇಳಲೇಬಾರದೇ? ಇಲ್ಲಿ ನಾನು ತಪ್ಪು ಅಭಿಪ್ರಾಯಕ್ಕೆ ಎಡೆಗೊಡಲಾರೆ. ಒಂಟಿಯಾಗಿರುವ ವೃದ್ಧೆ, ಆಸ್ಪತ್ರೆಗೆ ಜೊತೆಗೆ ಬರುವಂತೆ ಪಕ್ಕದ ಮನೆಯ ಹುಡುಗನನ್ನು ಕೇಳಲು ಹಿಂಜರಿದು ಮಾತ್ರೆ ಮುಗಿದ ಮೇಲೂ ಸುಮ್ಮನಿರುತ್ತಾಳೆ. ಅವಳು ಕೇಳಬೇಕು, ಅವಳು ಹೆದರಿರುವಷ್ಟು ಮಂದಿ ಒಲ್ಲೆನೆನ್ನುವುದಿಲ್ಲವೆಂದೇ ಫ್ಲಿನ್ ಮತ್ತು ಲೇಕ್ ಅವರ ಲೆಕ್ಕ ಹೇಳುತ್ತದೆ. ಸುಲಭವಾಗಿ ಕೇಳಿ ಅಭ್ಯಾಸವಾದವರು, ಮೇಜಿನ ಆಚೆಗೆ ಕುಳಿತವರು, ವಯಸ್ಸಿನಲ್ಲಿ, ಹುದ್ದೆಯಲ್ಲಿ ಹಿರಿಯರಾದವರು ತಡೆದು ಕೇಳಬೇಕು.

ತಡೆದು ಕೇಳುವುದೆಂದರೆ ಹೇಗೆ? “ನಿಮ್ಮಿಷ್ಟ” ಎಂಬ ಮಾತನ್ನು ಸೇರಿಸಿದರೆ ಸಾಕೆಂದು ಒಂದು ಕಾಲದಲ್ಲಿ ನಂಬಿದ್ದೆ. ಫ್ರಾನ್ಸಿನ ಗೇಗೆನ್ ಮತ್ತು ಪಾಸ್ಕುವಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಕದಲಿಸಿತು. ಬಸ್ಸಿನ ಚಾರ್ಜಿಗೆ ಚಿಲ್ಲರೆ ಕೇಳಿದಾಗ ಕೊಟ್ಟವರು ಶೇಕಡ 10 ಮಾತ್ರ. ಅದೇ ಕೋರಿಕೆಗೆ “ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು” ಎಂದು ಜೋಡಿಸಿದಾಗ ಕೊಟ್ಟವರು ಶೇಕಡ 47ಕ್ಕೂ ಮೇಲು. ಸ್ವಾತಂತ್ರ್ಯವನ್ನು ನೆನಪಿಸುವ ಮಾತೇ ಹೀಗೆ ಬಲವಾದ ಸಾಧನವಾಗುವುದಾದರೆ, ಅದನ್ನು ಮನಃಪೂರ್ವಕವಾಗಿ ಹೇಳುವವನಾರು, ತಂತ್ರವಾಗಿ ಹೇಳುವವನಾರು? ನಮ್ಮ ಮನೆಗಳಲ್ಲಿ ಹಿರಿಯರು “ನಿಮ್ಮಿಷ್ಟ, ನನ್ನದೇನಿದೆ” ಎಂದು ತಟ್ಟೆಯ ಮುಂದಿನಿಂದ ಏಳುವಾಗ ಉಳಿದವರಿಗೆ ಎಷ್ಟು ಇಷ್ಟ ಉಳಿದಿರುತ್ತದೆಂಬುದು ತಮಗೆಲ್ಲರಿಗೂ ವೇದ್ಯ. ಆದುದರಿಂದ ಮಾತಿಗಿಂತ ಸನ್ನಿವೇಶವನ್ನು ಬದಲಾಯಿಸುವುದೇ ಮೇಲೆಂದು ಈಗ ನನ್ನ ಅಭಿಪ್ರಾಯ: ನಾಲ್ವರ ಮುಂದೆ ಕೇಳದಿರುವುದು, ಬಾಗಿಲಲ್ಲಿ ನಿಂತು ಕೇಳದಿರುವುದು, ಸಾಧ್ಯವಾದರೆ ಬರೆದು ಕೇಳಿ ಒಂದು ವಾರ ಬಿಡುವುದು. ಮುಖಾಮುಖಿಯಾಗಿ ಕೇಳಿದ್ದಕ್ಕೆ ಹೋಲಿಸಿದರೆ ಬರೆದು ಕೇಳಿದ ಕೋರಿಕೆ ಬಹಳ ದುರ್ಬಲವೆಂದು ಬೋನ್ಸ್ ಮತ್ತು ಸಂಗಡಿಗರು ಮಿಂಚಂಚೆಯನ್ನು ಕುರಿತು 2017ರಲ್ಲಿ ತೋರಿಸಿದರು. ಮಾರಾಟಗಾರರಿಗೆ ಅದು ನಷ್ಟದ ವಾರ್ತೆ. ಸ್ನೇಹಿತರ ವಿಷಯದಲ್ಲಿ ನಾನು ಬಯಸುವುದು ಆ ದುರ್ಬಲತೆಯನ್ನೇ.

ಕಳೆದ ವರ್ಷ ನಮ್ಮ ಬಡಾವಣೆಯ ವಾಚನಾಲಯಕ್ಕೆ ವಾರಕ್ಕೆರಡು ಸಂಜೆ ಬಂದು ಮಕ್ಕಳಿಗೆ ಪಾಠ ಹೇಳಿಕೊಡುವವರು ಬೇಕಾಗಿದ್ದರು. ಜಾಮೀನು ಹಾಕಿದ ಆ ಮಿತ್ರರ ಮನೆ ನಾಲ್ಕು ರಸ್ತೆ ಆಚೆಗಿದೆ. ಹೋಗಿ ಕೇಳುವ ಬದಲು ಅಂಚೆಯಲ್ಲಿ ಒಂದು ಪತ್ರ ಬರೆದೆ. ಹತ್ತು ದಿನಗಳ ನಂತರ ಕಾರ್ಡೊಂದು ಬಂದಿತು. “ಸಾರ್, ಆಗುವುದಿಲ್ಲ. ಸಂಜೆ ಮೊಮ್ಮಗಳನ್ನು ಸಂಗೀತಕ್ಕೆ ಕರೆದುಕೊಂಡು ಹೋಗಬೇಕು.” ನಮ್ಮ ಇಷ್ಟು ವರ್ಷಗಳ ಪರಿಚಯದಲ್ಲಿ ಅವರು ನನಗೆ ‘ಆಗುವುದಿಲ್ಲ’ವೆಂದದ್ದು ಅದೇ ಮೊದಲು. ಆ ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಸಂಜೆಯವರೆಗೂ ಕುಳಿತು ಮಾತನಾಡಿದೆವು. ಕಾರ್ಡಿನ ಪ್ರಸ್ತಾಪವನ್ನು ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಎದ್ದುಹೋಗಲು ದಾಕ್ಷಿಣ್ಯಪಟ್ಟು ಇಷ್ಟು ಹೊತ್ತು ಕುಳಿತು ಕೇಳಿದ ತಮಗೆಲ್ಲರಿಗೂ ನನ್ನ ಅನಂತ ವಂದನೆಗಳು.